ದುಡ್ಡಿದ್ದವ್ರೆಲ್ಲ ಪುಣ್ಯವಂತ್ರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಕರಾವಳಿ ಕಡೆ ದೇವಸ್ಥಾನ ಜೀರ್ಣೋದ್ಧಾರ ಆದ್ಮೇಲೆ ನಡೆಯುವ ಯಾವುದೇ ಬ್ರಹ್ಮಕಲಶ ಉತ್ಸವಕ್ಕೆ ಹೋಗಿ, ದಾರಿಯುದ್ದ ಫ್ಲೆಕ್ಸ್ ಇರ್ತದೆ, ಹೆಚ್ಚು ಕೊಟ್ಟವ್ರ ಫೋಟೋ ದೊಡ್ಡದು, ಹೆಸರಿನ ಹಿಂದೆ ಕೊಡುಗೈ ದಾನಿ ಅಂತ. ಕೊಟ್ಟದ್ದು ತಪ್ಪಲ್ಲ, ಯಾರೂ ಕೊಡದಿದ್ರೆ ದೇವಸ್ಥಾನ ಎದ್ದು ನಿಲ್ಲುದು ಹೇಗೆ. ಆದ್ರೆ ನಾವು ಅಷ್ಟಕ್ಕೆ ಬಿಡುದಿಲ್ಲ, "ಪುಣ್ಯ ಮಾಡಿದ್ರು, ಅದಕ್ಕೇ ದೇವ್ರು ಕೊಟ್ಟ" ಅಂತ ಹೇಳಿಬಿಡ್ತೇವೆ. ಈ ಮಾತು ಕೇಳಿದ್ರೆ ನಂಗೆ ಬೇಜಾರಾಗ್ತದೆ ಮಾರಾಯ್ರೆ. ಹಾಗಾದ್ರೆ ಮನೆ ಜಗಲಿಯಲ್ಲಿ ಬೆನ್ನು ಬಗ್ಗಿಸಿ ದಿನವಿಡೀ ಬೀಡಿ ಕಟ್ಟುವ ಹೆಂಗಸು ಎಂತ ಪಾಪ ಮಾಡಿದ್ದು?

ಹರೇಕಳ ಹಾಜಬ್ಬರನ್ನೇ ನೋಡಿ. ಮಂಗಳೂರಲ್ಲಿ ಬುಟ್ಟಿ ಹಿಡ್ಕೊಂಡು ಕಿತ್ತಳೆ ಮಾರ್ತಿದ್ದವ್ರು, ಸ್ವತಃ ಶಾಲೆ ಮೆಟ್ಟಿಲು ಹತ್ತಿದವ್ರಲ್ಲ, ವಿದೇಶದವ್ರು ಇಂಗ್ಲಿಷಲ್ಲಿ ರೇಟ್ ಕೇಳಿದಾಗ ಉತ್ರ ಕೊಡ್ಲಿಕ್ಕೆ ಆಗ್ಲಿಲ್ಲ ಅಂತ ಬೇಸರ ಆಗಿ, ತನ್ನೂರಿನ ಮಕ್ಕಳಿಗೆ ಹೀಗಾಗಬಾರ್ದು ಅಂತ ಹಣ್ಣು ಮಾರಿದ ದುಡ್ಡು ಕೂಡಿಸಿ, ಆಫೀಸಿಂದ ಆಫೀಸಿಗೆ ಅಲೆದು, 2000ದಲ್ಲಿ ಹರೇಕಳದ ನ್ಯೂಪಡ್ಪಿನಲ್ಲಿ ಶಾಲೆ ಶುರುವಾಗುವ ಹಾಗೆ ಮಾಡಿದ್ರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಹೆಸರು ಬಂದದ್ದು ಆಮೇಲೆ. ಪದ್ಮಶ್ರೀ ಬರುವ ಮೊದ್ಲೂ ಅವ್ರ ಗುಣ ಅದೇ ಇತ್ತಲ್ಲ, ಎಷ್ಟು ಜನ ಬುಟ್ಟಿ ಮಾತ್ರ ನೋಡಿ ಚೌಕಾಸಿ ಮಾಡಿ ಹೋಗಿರ್ಬಹುದು.

ಬಡವ್ರೆಲ್ಲ ಸತ್ಯವಂತ್ರು ಅಂತ ನಾನು ಹೇಳುದಿಲ್ಲ. ಶ್ರೀಮಂತ್ರಲ್ಲೂ ದೊಡ್ಡ ಮನಸ್ಸಿನವ್ರು ಇದ್ರು, 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬ್ರು ಆಸ್ಪತ್ರೆಗೆ ಜಾಗ ಬಿಟ್ಟುಕೊಟ್ಟವ್ರು. ಅದೇ ಉಡುಪಿಯಲ್ಲಿ 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಪಿಗ್ಮಿ ಅಂತ ದಿನದಿನದ ಉಳಿತಾಯ ಶುರು ಮಾಡ್ತು, ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಆದ್ರೂ ತಗೊಳ್ತಿದ್ರು. ಅಷ್ಟು ಸಣ್ಣ ದುಡಿಮೆಯಲ್ಲೂ ತಪ್ಪದೆ ತೆಗೆದಿಟ್ಟವ್ರ ಶಿಸ್ತು ಸಣ್ಣದಾ?

ನಾನು ನೋಡುದು ಒಂದೇ, ದುಡ್ಡು ಬಂದ ದಾರಿ. ಕೆಲಸದವ್ರಿಗೆ ಸಂಬಳ ಟೈಮಿಗೆ ಕೊಡ್ತಾರಾ, ಪಿಎಫ್ ಕಟ್ತಾರಾ, ಬೀಡಿಗೆ ಎಲೆ ಕಡಿಮೆ ತೂಗಿ ಕೊಟ್ಟು ಕಟ್ಟಿದ ಬೀಡಿಯ ಲೆಕ್ಕ ಮಾತ್ರ ಪೂರ್ತಿ ಕೇಳ್ತಾರಾ. ಹಾಗೆ ಉಳಿಸಿದ ದುಡ್ಡಲ್ಲಿ ಲಕ್ಷ ಕೊಟ್ರೂ ಅದು ಆ ಹೆಂಗಸಿನ ದುಡ್ಡೇ, ರಶೀದಿ ಮಾತ್ರ ಬೇರೆಯವ್ರ ಹೆಸ್ರಲ್ಲಿ.

ಹಾಗಾಗಿ ಜೀರ್ಣೋದ್ಧಾರ ಕಮಿಟಿಯವ್ರಲ್ಲಿ ನನ್ನದೊಂದು ವಿನಂತಿ. ಸಭೆಯಲ್ಲಿ ದಾನಿಗಳ ಹೆಸರು ಓದುವಾಗ ಹೊರೆಕಾಣಿಕೆಗೆ, ಅಂದ್ರೆ ಊರವ್ರು ದೇವಸ್ಥಾನಕ್ಕೆ ತಂದೊಪ್ಪಿಸುವ ಸಾಮಾನಿಗೆ, ಎರಡೇ ತೆಂಗಿನಕಾಯಿ ತಂದವ್ರದ್ದು, ರಾತ್ರಿಯಿಡೀ ತರಕಾರಿ ಹೆಚ್ಚಿದವ್ರದ್ದು, ಊಟ ಆದ್ಮೇಲೆ ಎಲೆ ತೆಗೆದವ್ರದ್ದೂ ಓದಿ, ಅದೇ ಮೈಕಲ್ಲಿ. ಪಟ್ಟಿ ಉದ್ದ ಆಗ್ತದೆ, ಆಗ್ಲಿ. ನಮಸ್ಕಾರ.