ಗಾಡಿಯ ಬಾತ್‌ರೂಮಿನ ನಲ್ಲಿ, ಒಂದು ವಾಷರ್, ಗೋಣಿಕೊಪ್ಪದ ಒಂದು ಇಡೀ ಬೆಳಗ್ಗೆ

ಕ್ಯಾಮೆರಾ ಓಡುತ್ತಿದೆ. ಇದು ನಮ್ಮ ಮೋಟರ್‌ಹೋಮ್‌ನ ಬಾತ್‌ರೂಮ್. ನಾನು ಒಳಗಿದ್ದರೆ ಟ್ರೈಪಾಡ್ ಹೊರಗೆ, ಟ್ರೈಪಾಡ್ ಒಳಗಿದ್ದರೆ ನಾನು ಹೊರಗೆ. ಅದಕ್ಕೇ ಇವತ್ತು ಅರ್ಧ ಶಾಟ್‌ಗಳಲ್ಲಿ ನನ್ನ ಮೊಣಕೈ ಮಾತ್ರ ಕಾಣುತ್ತದೆ. ಸಹಿಸಿಕೊಳ್ಳಿ.

ನಲ್ಲಿ ಪೂರ್ತಿ ತೆರೆದಿದ್ದೇನೆ, ನೋಡಿ. ಬರುವುದು ಇಷ್ಟೇ. ಸುಮ್ನೆ ಹೇಳುತ್ತಿಲ್ಲ, ಅಳೆದು ತೋರಿಸುತ್ತೇನೆ. 1 ಲೀಟರ್ ಬಾಟಲಿ ತುಂಬಲು 40 ಸೆಕೆಂಡ್. ಅಂದರೆ ನಿಮಿಷಕ್ಕೆ ಒಂದೂವರೆ ಲೀಟರ್. ಅದೇ ಬಾಟಲಿ ಈಗ ಅಡುಗೆ ಸಿಂಕ್ ಕೆಳಗೆ. 9 ಸೆಕೆಂಡ್, ಮುಗಿಯಿತು. ಒಂದೇ ಟ್ಯಾಂಕ್, ಒಂದೇ ಪಂಪ್, ನಡುವೆ ಒಂದು ಪ್ಲೈವುಡ್ ಗೋಡೆ. ಇಲ್ಲಿ ಹೀಗೆ, ಅಲ್ಲಿ ಹಾಗೆ.

ನಾವು ಈಗ ಇರುವುದು ಪಾಲಿಬೆಟ್ಟದ ಹತ್ತಿರ, ಒಂದು ಕಾಫಿ ತೋಟದಲ್ಲಿ. ಗಾಡಿ ನಿಂತಿರುವುದು ಕಣದ ಮೇಲೆ. ಕೊಡಗಿನಲ್ಲಿ ಮೋಟರ್‌ಹೋಮ್ ನಿಲ್ಲಿಸಲು ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಇಲ್ಲ. ಈ ಜಿಲ್ಲೆಯಲ್ಲಿ ಸಪಾಟಾದ ನೆಲ ಹುಡುಕುವುದೇ ಕಷ್ಟ, ಕಣ ಮಾತ್ರ ಸಪಾಟು. ಅರ್ಧ ಕಣದಲ್ಲಿ ಇನ್ನೂ ರೋಬಸ್ಟಾ ಕಾಫಿ ಒಣಗುತ್ತಿದೆ. ಚಕ್ರ ಅದರ ಮೇಲೆ ಹೋದರೆ ನಮ್ಮ ಕಥೆ ಮುಗಿದಂತೆ. ತೋಟದ ರೈಟರ್, ಅಂದರೆ ಇಲ್ಲಿನ ಕೆಲಸ, ಲೆಕ್ಕ ನೋಡಿಕೊಳ್ಳುವವರು, ಮೊದಲ ದಿನವೇ ಎರಡು ಮಾತು ಹೇಳಿದರು. ಕಾಫಿ ತುಳಿಯಬೇಡಿ. ಕತ್ತಲಾದ ಮೇಲೆ ಕೆಳಗೆ ಇಳಿಯಬೇಡಿ, ಆನೆ ಬರುತ್ತದೆ. ಕೆಳಗಿನ ಕೆರೆಗೆ ನೀರು ಕುಡಿಯಲು ಬರುವ ಆನೆಗಳು ಈ ಕಣದ ಅಂಚಿನಲ್ಲೇ ಹಾದು ಹೋಗುತ್ತವಂತೆ. ಹಾಗಾಗಿ ರಾತ್ರಿ ನಮಗೆ ಇರುವುದು ಇದೊಂದೇ ಬಾತ್‌ರೂಮ್. ಈ ನಲ್ಲಿ ರಿಪೇರಿಗೆ ಇಷ್ಟು ಅವಸರ ಯಾಕೆ ಎಂದು ಈಗ ಅರ್ಥ ಆಯಿತಲ್ವಾ?

ಸರಿ, ಶಾಟ್ ಬದಲಾಯಿತು. ನಲ್ಲಿಗೆ ಬರೋಣ.

ಮೊದಲು ಶಬ್ದ ಕೇಳಿ. ನಲ್ಲಿ ತೆರೆದೇ ಇದೆ. ಆದರೂ ಪಂಪ್ ಒಂದು ಕ್ಷಣ ಓಡುತ್ತದೆ, ನಿಲ್ಲುತ್ತದೆ. ಮತ್ತೆ ಓಡುತ್ತದೆ, ನಿಲ್ಲುತ್ತದೆ. ಇದು 12 ವೋಲ್ಟ್‌ನ ಡಯಾಫ್ರಾಮ್ ಪಂಪ್. ಒತ್ತಡ 45 ಪಿಎಸ್‌ಐ ಮುಟ್ಟಿದರೆ ಒಳಗಿನ ಸ್ವಿಚ್ ಅದನ್ನು ನಿಲ್ಲಿಸುತ್ತದೆ. ನಲ್ಲಿ ತೆರೆದಿದ್ದಾಗಲೂ ಹೀಗೆ ನಿಂತು ನಿಂತು ಓಡುತ್ತಿದೆ ಎಂದರೆ ಪಂಪ್ ತನ್ನ ಕೆಲಸ ಮಾಡುತ್ತಿದೆ, ಮುಂದೆ ನೀರಿಗೆ ದಾರಿ ಇಲ್ಲ. ಪಂಪ್ ನಿಲ್ಲದೇ ಓಡುತ್ತಲೇ ಇದ್ದು ನೀರು ಸಣ್ಣಗೆ ಬಂದರೆ ಅದು ಬೇರೆ ರೋಗ. ಆಗ ಪಂಪ್‌ಗೇ ನೀರು ಸಿಗುತ್ತಿಲ್ಲ, ಇಲ್ಲವೇ ಅದು ಗಾಳಿ ಎಳೆಯುತ್ತಿದೆ, ಇಲ್ಲವೇ ಬ್ಯಾಟರಿ ಇಳಿದಿದೆ.

ಇದನ್ನು ನಾನು ಹತ್ತು ವಿಡಿಯೊ ನೋಡಿ ಕಲಿಯಬೇಕಾಯಿತು. ರೈಟರ್ ಬಾಗಿಲಲ್ಲಿ ನಿಂತು ಅರ್ಧ ನಿಮಿಷದಲ್ಲಿ ಹೇಳಿಬಿಟ್ಟರು. ಅವರ ಲೆಕ್ಕ ಪೂರ್ತಿ ಸ್ಪ್ರಿಂಕ್ಲರ್ ಲೆಕ್ಕ. ಒಂದು ಜೆಟ್‌ನಲ್ಲಿ, ಅಂದರೆ ನೀರು ಚಿಮ್ಮುವ ಮೂತಿಯಲ್ಲಿ, ಮಾತ್ರ ನೀರು ಬರದಿದ್ದರೆ ಮೋಟರ್ ಹತ್ತಿರ ಹೋಗಲೇಬಾರದು, ಆ ಜೆಟ್ ಬಿಚ್ಚಿ ಕಸ ತೆಗೆಯಬೇಕು. ಎಲ್ಲಾ ಜೆಟ್ ಸತ್ತರೆ ಕೆರೆಗೆ ಇಳಿದು ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ನೋಡಬೇಕು. ನಿಮ್ಮ ಅಡುಗೆಮನೆಯಲ್ಲಿ ನೀರು ಚೆನ್ನಾಗಿದೆ ತಾನೇ, ಮತ್ತೆ ಪಂಪ್ ಯಾಕೆ ಬಿಚ್ಚುತ್ತೀರಿ, ಎಂದರು. ನಾನು ಸ್ಪ್ಯಾನರ್ ಕೆಳಗಿಟ್ಟೆ.

ಸ್ಪ್ರಿಂಕ್ಲರ್ ಎಂದಾಗ ನೆನಪಾಯಿತು, ಹಿಂದೆ ಕೇಳುವ ಆ ಚಟ್ ಚಟ್ ಶಬ್ದ ಅದೇ. ಇಡೀ ದಿನ ಹೀಗೇ. ಈಗ ಕಾಫಿಗೆ ನೀರು ಬೇಕಾದ ಹೊತ್ತು. ಹೂಮಳೆ ತಾನಾಗಿ ಬಂದರೆ ಸರಿ, ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ರೋಬಸ್ಟಾದ ಮೊಗ್ಗು ನೀರು ಬೀಳುವ ತನಕ ಕಾದು ಕೂತಿರುತ್ತದೆ. ನೀರು ಬಿದ್ದು ಎಂಟೊಂಬತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಆ ಶಾಟ್ ಸಿಗಲಿ ಅಂತಲೇ ನಾವು ಇಲ್ಲಿ ಬಿಡಾರ ಹಾಕಿದ್ದು. ಆದರೆ ಇದರ ಇನ್ನೊಂದು ಮುಖ ನೋಡಿ. ಈ ದಿನಗಳಲ್ಲಿ ಪ್ಲಂಬರ್, ಮೋಟರ್ ಮೆಕ್ಯಾನಿಕ್, ಪೈಪ್ ಜೋಡಿಸುವವರು, ಎಲ್ಲರೂ ತೋಟಗಳಲ್ಲೇ ಇರುತ್ತಾರೆ. ಬಾತ್‌ರೂಮಿನ ನಲ್ಲಿ ನೋಡಲು ಬನ್ನಿ ಎಂದರೆ ನಗುತ್ತಾರೆ.

ಈಗ ಬಿಚ್ಚುವ ಭಾಗ. ಪಂಪ್ ಆಫ್, ನಲ್ಲಿ ತೆರೆದು ಒತ್ತಡ ಬಿಟ್ಟದ್ದು, ಬೇಸಿನ್ ತೂತಿಗೆ ಬಟ್ಟೆ ತುರುಕಿದ್ದು, ಎಲ್ಲಾ ಕಾಣುತ್ತಿದೆ. ನಲ್ಲಿಯ ಬಾಯಲ್ಲಿ ಇರುವುದು ಏರೇಟರ್. ನೀರಿಗೆ ಗಾಳಿ ಬೆರೆಸುವ ಜಾಲರಿ. ಸಾಮಾನ್ಯ ನಲ್ಲಿಯಲ್ಲಿ ಇದನ್ನು ಕೈಯಲ್ಲೇ ತಿರುಗಿಸಿ ತೆಗೆಯಬಹುದು. ನಮ್ಮದು ಸಾಮಾನ್ಯ ನಲ್ಲಿ ಅಲ್ಲವಲ್ಲ! ಗಾಡಿ ಕಟ್ಟಿಕೊಟ್ಟವರು ಹೆಮ್ಮೆಯಿಂದ ಹಾಕಿದ ಇಂಪೋರ್ಟೆಡ್ ಮಾಲು. ಏರೇಟರ್ ಒಳಗೆ ಹುದುಗಿದೆ, ಅಂಚಿಗೆ ಹಲ್ಲುಗಳಿವೆ. ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಕೀ ಬರುತ್ತದೆ, ಅದನ್ನು ಅವರು ನಮಗೆ ಕೊಡಲೇ ಇಲ್ಲ. ನೋಸ್ ಪ್ಲೈಯರ್‌ನ ಎರಡು ತುದಿ ಆ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ತಿರುಗಿಸಿದೆ. ಬಂತು.

ಒಳಗೆ ಏನಿದೆ ನೋಡಿ. ಹತ್ತಿರದಿಂದ ತೋರಿಸುತ್ತೇನೆ. ಕೆಂಪು ಮಣ್ಣು, ಅದು ಇಲ್ಲಿನದು, ಕೆರೆ ನೀರು ತುಂಬಿಸಿದಾಗ ಬಂದದ್ದು. ಬಿಳಿ ಪುಡಿ, ಅದು ಬೆಂಗಳೂರಿನ ಬೋರ್‌ವೆಲ್ ಸುಣ್ಣ. ಈ ಸುರುಳಿ ಸುರುಳಿ ಪ್ಲಾಸ್ಟಿಕ್ ಚೂರು? ಇದು ಟ್ಯಾಂಕ್‌ಗೆ ತೂತು ಕೊರೆದಾಗ ಒಳಗೆ ಬಿದ್ದ ಸಿಪ್ಪೆ. ಜೊತೆಗೆ ಟೆಫ್ಲಾನ್ ಟೇಪಿನ ಎಳೆ. ಅಂದರೆ ಟ್ಯಾಂಕ್ ಕೊರೆದರು, ತೊಳೆಯಲಿಲ್ಲ, ಮುಚ್ಚಿ ಕೊಟ್ಟರು. ಲಕ್ಷಗಟ್ಟಲೆ ಬಿಲ್ ಮಾಡಿದವರಿಗೆ ಒಂದು ಬಕೆಟ್ ನೀರು ಹಾಕಿ ಜಾಲಾಡಲು ಪುರುಸೊತ್ತು ಇರಲಿಲ್ಲ. ಗಾಡಿ ಮಾಡಿಸುವವರು ಯಾರಾದರೂ ಇದನ್ನು ನೋಡುತ್ತಿದ್ದರೆ, ಡೆಲಿವರಿ ದಿನ ಮೊದಲು ಎಲ್ಲಾ ಏರೇಟರ್ ಬಿಚ್ಚಿಸಿ ನೋಡಿ. ಪೇಂಟ್ ಆಮೇಲೆ ನೋಡಬಹುದು.

ಆ ಬಿಳಿ ಸುಣ್ಣಕ್ಕೆ ಹುಳಿ ಬೇಕು. ವಿನೆಗರ್ ಇರಲಿಲ್ಲ. ಗಾಡಿಯಲ್ಲಿ ಇದ್ದದ್ದು ಒಂದು ಬಾಟಲಿ ಕಾಚಂಪುಳಿ, ಕೊಡಗಿನವರ ಕಪ್ಪು ಹುಳಿ. ಪಂದಿ ಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ, ಹಾಕುವ ಕಾಚಂಪುಳಿಯನ್ನು ನಲ್ಲಿಗೆ ಹಾಕುವುದೇ? ಇಲ್ಲಿನವರು ಕೇಳಿದರೆ ನಮ್ಮನ್ನು ಕಣದಿಂದ ಓಡಿಸುತ್ತಾರೆ. ಅದರ ಬೆಲೆಯೂ ಆಟದ್ದಲ್ಲ. ಎರಡು ನಿಂಬೆ ಹಣ್ಣು ಹಿಂಡಿ ಬಿಸಿನೀರು ಬೆರೆಸಿ ಜಾಲರಿ ನೆನೆಸಿದೆ. ಆಮೇಲೆ ಹಳೆಯ ಬ್ರಷ್. ಸಾಕು.

ಸಮಸ್ಯೆ ಅದಲ್ಲ. ಸಮಸ್ಯೆ ಈ ರಬ್ಬರ್ ವಾಷರ್. ಒಣಗಿ ಗಟ್ಟಿಯಾಗಿತ್ತು, ಹೊರಗೆ ಬರುವಾಗಲೇ ಎರಡು ತುಂಡು. ಇದಿಲ್ಲದೆ ಏರೇಟರ್ ಕೂರಿಸಿದರೆ ಸುತ್ತಲೂ ಪಿಚಕಾರಿ. ಹಾಗಾಗಿ ಹತ್ತಿರದ ಪೇಟೆ ಗೋಣಿಕೊಪ್ಪಕ್ಕೆ.

ಗೋಣಿಕೊಪ್ಪದಲ್ಲಿ ಕ್ಯಾಮೆರಾ ಜಾಸ್ತಿ ಆನ್ ಮಾಡಲಿಲ್ಲ, ಆದ್ದರಿಂದ ಈ ರಸ್ತೆಯ ಶಾಟ್ ಮೇಲೆಯೇ ಹೇಳುತ್ತೇನೆ. ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಸ್ಯಾನಿಟರಿ ಅಂಗಡಿ. ಹೆಸರು ಬೇಡ. ಮುರಿದ ವಾಷರ್ ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಲೂ ಇಲ್ಲ, ನಲ್ಲಿ ಯಾವ ಕಂಪನಿಯದ್ದು ಎಂದು ಕೇಳಿದರು. ಹೇಳಿದೆ. ಅದರ ಪಾರ್ಟ್ ಬರುವುದಿಲ್ಲ ಎಂದರು. ಪಾರ್ಟ್ ಬೇಡ, ಇಷ್ಟಗಲದ ಒಂದು ರಬ್ಬರ್ ರಿಂಗ್ ಸಾಕು ಎಂದೆ. ರಿಂಗ್ ಬಿಡಿಯಾಗಿ ಕೊಡುವುದಿಲ್ಲ ಎಂದರು. ಸರಿ, ಏರೇಟರ್ ಸೆಟ್ ಕೊಡಿ ಎಂದೆ. ಏರೇಟರ್ ಕೂಡ ಬಿಡಿಯಾಗಿ ಇಲ್ಲ, ನಲ್ಲಿ ಜೊತೆಗೇ ಬರುತ್ತದೆ. ನಲ್ಲಿ ಎಷ್ಟು? 2,150 ರೂಪಾಯಿ. ಡಿಸ್ಕೌಂಟ್ ಕಳೆದು.

ಯೋಚಿಸಿ. ಐದು ರೂಪಾಯಿಯ ರಬ್ಬರ್‌ಗೆ 2,150 ರೂಪಾಯಿಯ ನಲ್ಲಿ. ಅದನ್ನು ಕೂರಿಸಲು ಬೇಸಿನ್ ಬಿಚ್ಚಬೇಕು, ಬೇಸಿನ್ ಬಿಚ್ಚಲು ಕನ್ನಡಿ ಕಪಾಟು ಬಿಚ್ಚಬೇಕು, ಕಪಾಟು ಗೋಡೆಗೆ ಅಂಟಿನಲ್ಲಿ ಕೂತಿದೆ. ಇಷ್ಟೆಲ್ಲಾ ನಾನು ಹೇಳುತ್ತಿದ್ದರೆ ಆ ಮನುಷ್ಯ ನನಗೆ ಬಿಲ್ ಪುಸ್ತಕ ತೆಗೆದು ಹೆಸರು ಕೇಳುತ್ತಿದ್ದಾರೆ! ಯಾರ ಹೆಸರಿಗೆ ಬರೆಯಲಿ ಅಂತ. ಮುಂದಿನ ಅಂಗಡಿಯಲ್ಲಿ ಇನ್ನೊಂದು ಥರ. ಅವರ ಹತ್ತಿರ ವಾಷರ್ ಇತ್ತು, ಪ್ಯಾಕೆಟ್‌ನಲ್ಲಿ, ನೂರು ಪೀಸ್. ಒಂದು ಕೊಡಿ ಎಂದರೆ ಪ್ಯಾಕೆಟ್ ಒಡೆಯುವುದಿಲ್ಲ. ನೂರೂ ತಗೊಳ್ಳುತ್ತೇನೆ ಎಂದು ಹೊರಟೆ, ಅಳೆದರೆ ಸೈಜ್ ದೊಡ್ಡದು. ಅಳೆಯಲು ಬಿಟ್ಟಿದ್ದೇ ದೊಡ್ಡ ಉಪಕಾರ ಎನ್ನುವ ಮುಖ. ಬಿಡಿ ಸಾಮಾನು ಮಾರುವುದು ಈಗ ಅವಮಾನ ಎಂದುಕೊಂಡಿದ್ದಾರೆ. ಹಿಂದೆ ಹಾರ್ಡ್‌ವೇರ್ ಅಂಗಡಿ ಎಂದರೆ ಡಬ್ಬಿ ತುಂಬಾ ಬಿಡಿ ನಟ್ಟು, ಬೋಲ್ಟು, ವಾಷರ್. ಈಗ ಎಲ್ಲಾ ಡಿಸ್‌ಪ್ಲೇ, ಎಲ್ಲಾ ಸೆಟ್.

ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಸ್ಪ್ರಿಂಕ್ಲರ್ ಮತ್ತು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಸ್ಪೇರ್ ಪಾರ್ಟ್ ಅಂಗಡಿಯಲ್ಲಿ. ಒಳಗೆ ಕಾಲಿಡಲು ಜಾಗ ಇಲ್ಲ, ಪೈಪ್ ಕ್ಲಾಂಪ್, ಬೆಲ್ಟ್, ಗ್ರೀಸ್ ಡಬ್ಬ. ಅಂಗಡಿಯವರು ತುಂಡು ವಾಷರ್ ಬೆರಳಲ್ಲಿ ಜೋಡಿಸಿ ನೋಡಿದರು, ಒಂದು ತಗಡಿನ ಡಬ್ಬಿ ಬುಡಮೇಲು ಮಾಡಿದರು, ಮೂರು ಆರಿಸಿ ಕೊಟ್ಟರು. ಎಷ್ಟು ಎಂದರೆ ಹತ್ತು ರೂಪಾಯಿ ಕೊಡಿ ಎಂದರು. ಮೂರಕ್ಕೂ ಸೇರಿ. ಕೊಡಗಿನಲ್ಲಿ ನೀರಿನ ಯಾವ ಸಾಮಾನು ಬೇಕಾದರೂ ಮೊದಲು ಸ್ಪ್ರಿಂಕ್ಲರ್ ಅಂಗಡಿಗೆ ಹೋಗಿ. ಗಾಜಿನ ಬಾಗಿಲು ಕಂಡರೆ ಮುಂದೆ ನಡೆಯಿರಿ.

ವಾಪಸ್ ಬಂದು ಏರೇಟರ್ ಇಲ್ಲದೇ ಒಮ್ಮೆ ಪಂಪ್ ಹಾಕಿದೆ. ನೋಡಿ ರಭಸ! ಈ ಶಾಟ್‌ನಲ್ಲಿ ನಾನೇ ಹೇಳುತ್ತಿದ್ದೇನೆ, ಏರೇಟರ್ ಎನ್ನುವುದೇ ದಂಡ, ಎಸೆದುಬಿಡಿ ಅಂತ. ಮುಂದಿನ ಶಾಟ್ ನೋಡಿ. ಕನ್ನಡಿ ಒದ್ದೆ, ಶರ್ಟ್ ಒದ್ದೆ, ಟಾಯ್ಲೆಟ್ ಪೇಪರ್ ಮುದ್ದೆ. ಜೊತೆಗೆ ನಮ್ಮ ಟ್ಯಾಂಕ್ 100 ಲೀಟರ್. ಹೀಗೆ ಸುರಿದರೆ ರಾತ್ರಿಯೊಳಗೆ ಖಾಲಿ, ಕೆಳಗೆ ಕೊಳೆನೀರಿನ ಟ್ಯಾಂಕ್ ಭರ್ತಿ. ಏರೇಟರ್ ಇರಲಿ. ಇರಲೇಬೇಕು.

ಬೇರೆ ನಲ್ಲಿಗಳಿಗೆ ಹೇಳುವುದಾದರೆ, ಏರೇಟರ್ ತೆಗೆದ ಮೇಲೂ ನೀರು ಸಣ್ಣಗಿದ್ದರೆ ಮುಂದೆ ನೋಡಬೇಕಾದ್ದು ಬೇಸಿನ್ ಕೆಳಗೆ. ಬಿಸಿ ಮತ್ತು ತಣ್ಣೀರು ಬೇರೆ ಬೇರೆ ತೆರೆದು ನೋಡಿ. ಒಂದೇ ಕಡೆ ಕಡಿಮೆ ಇದ್ದರೆ ಆ ಕಡೆಯ ಆಂಗಲ್ ಕಾಕ್, ಅಂದರೆ ಬೇಸಿನ್ ಕೆಳಗಿನ ಸಣ್ಣ ವಾಲ್ವ್, ಪೂರ್ತಿ ತೆರೆದಿದೆಯಾ, ಹೋಸ್ ಮಡಿಚಿಕೊಂಡಿದೆಯಾ ನೋಡಿ. ಮೋಟರ್‌ಹೋಮ್‌ನಲ್ಲಿ ಹೋಸ್ ಮಡಿಚುವುದು ಜಾಸ್ತಿ, ಜಾಗ ಇಲ್ಲದೆ ಸಾಮಾನೆಲ್ಲಾ ಅದರ ಮೇಲೆಯೇ ತುರುಕಿರುತ್ತೇವೆ.

ರೈಟರ್ ಇನ್ನೊಂದು ಸಲಹೆ ಕೊಟ್ಟರು. ಪಂಪ್ ಯಾಕೆ, ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆ) ಟ್ಯಾಂಕ್‌ನಿಂದ ನೇರ ಪೈಪ್ ಎಳೆಯಿರಿ ಅಂತ. ಗಾಡಿಯ ಹೊರಗೆ ಅದಕ್ಕೊಂದು ಕನೆಕ್ಷನ್ ಇದೆ, ನಿಜ. ಆದರೆ ಲೆಕ್ಕ ಸರಿಹೋಗುವುದಿಲ್ಲ. 10 ಮೀಟರ್ ಎತ್ತರದ ನೀರು ಕೊಡುವುದು ಸುಮಾರು 14 ಪಿಎಸ್‌ಐ. ಲೈನ್ ಮನೆ ಟ್ಯಾಂಕ್ 4 ಮೀಟರ್ ಇರಬಹುದು. ಆರು ಪಿಎಸ್‌ಐ ಕೂಡ ಬರುವುದಿಲ್ಲ. ಇನ್ನು ಆ ಗುಡ್ಡದ ಮೇಲೆ ಕಾಣುತ್ತಿದೆಯಲ್ಲ, ಆ ಕಪ್ಪು ಟ್ಯಾಂಕ್, ಅದು 40 ಮೀಟರ್ ಮೇಲಿದ್ದರೆ 57 ಪಿಎಸ್‌ಐ. ಅದನ್ನು ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇಲ್ಲದೆ ಗಾಡಿಗೆ ಕೊಟ್ಟರೆ ಯಾವುದೋ ಜಾಯಿಂಟ್ ಹಾರಿ ಹಾಸಿಗೆ ಕೆಳಗೆ ಕೆರೆ. ಸ್ಪ್ರಿಂಕ್ಲರ್ ಲೈನ್‌ಗಂತೂ ಕನಸಿನಲ್ಲೂ ಜೋಡಿಸಬೇಡಿ.

ಹೊಸ ವಾಷರ್, ಜಾಲರಿ, ಬಿಚ್ಚುವಾಗ ತೆಗೆದ ಫೋಟೊ ನೋಡಿ ಅದೇ ಕ್ರಮದಲ್ಲಿ ಒಳಗೆ. ಬಾಟಲಿ ಪರೀಕ್ಷೆ ಮತ್ತೊಮ್ಮೆ. 10 ಸೆಕೆಂಡ್. ಅಡುಗೆಮನೆಗಿಂತ ಒಂದು ಸೆಕೆಂಡ್ ಹಿಂದೆ. ಪಂಪ್ ಈಗ ನಿಲ್ಲದೆ ಒಂದೇ ಸಮ ಓಡುತ್ತಿದೆ, ಕೇಳಿ.

ಕೊನೆಯ ಕೆಲಸ, ಟ್ಯಾಂಕ್‌ನಿಂದ ಪಂಪ್‌ಗೆ ನೀರು ಬರುವ ದಾರಿಯ ಈ ಪಾರದರ್ಶಕ ಫಿಲ್ಟರ್. ಏರೇಟರ್‌ನಲ್ಲಿ ಇಷ್ಟು ಕಸ ಇದ್ದರೆ ಇಲ್ಲೂ ಇರಲೇಬೇಕು. ಇದೆ. ಒಳಗಿನ ಸ್ಟೀಲ್ ಜಾಲರಿ ತೊಳೆದು ಹಾಕಿ, ಮುಚ್ಚಳವನ್ನು ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿದರೆ ಪ್ಲಾಸ್ಟಿಕ್ ಬಿರಿಯುತ್ತದೆ, ಆಮೇಲೆ ಪಂಪ್ ಗಾಳಿ ಎಳೆಯುತ್ತದೆ. ಇನ್ನು ಶವರ್ ಬಾಕಿ. ಅದರ ತಲೆಯಲ್ಲೂ ಇದೇ ಪ್ಲಾಸ್ಟಿಕ್ ಸಿಪ್ಪೆ ಇರುವುದು ಗ್ಯಾರಂಟಿ. ಅದನ್ನು ಬಿಚ್ಚುವಾಗ ಟ್ರೈಪಾಡ್‌ಗೆ ಒಳಗೆ ಜಾಗ ಇಲ್ಲ, ಕ್ಯಾಮೆರಾ ಆಫ್ ಮಾಡುತ್ತೇನೆ.