ಮಳೆಗಾಲಕ್ಕೆ ಮೊದಲು ಹ್ಯಾಮ್ ಕ್ಲಬ್ಬಿನ ಕೆಲಸಗಳು

ಎಲ್ಲರಿಗೂ ನಮಸ್ಕಾರ.

ಜೂನ್ ಮೊದಲ ಭಾನುವಾರ ನಮ್ಮ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಕ್ಲಬ್ಬಿನ ನೆರೆ ತಾಲೀಮು: ಪ್ರವಾಹದ ಹೊತ್ತಿನಲ್ಲಿ ರೇಡಿಯೋದಲ್ಲಿ ಸುದ್ದಿ ಮುಟ್ಟಿಸುವ ಅಭ್ಯಾಸ. ಬೆಳಗಾವಿಯಲ್ಲಿ ಮೂಲ ರೇಡಿಯೋ ಠಾಣೆ. ಗೋಕಾಕ, ರಾಮದುರ್ಗ, ಅಥಣಿಗಳಲ್ಲಿ ಒಂದೊಂದು. ಈ ಮೂರು ಊರು ಹಿಡಿದರೆ ಘಟಪ್ರಭಾ, ಮಲಪ್ರಭಾ, ಕೃಷ್ಣಾ ಮೂರೂ ನದಿಗಳ ಕಡೆಗೆ ಕಿವಿಯಿಟ್ಟ ಹಾಗೆ. 2019ರ ಆಗಸ್ಟಿನಲ್ಲಿ ಮೂರೂ ಒಟ್ಟೊಟ್ಟಿಗೇ ಉಕ್ಕಿದ್ದು ಎಲ್ಲರಿಗೂ ನೆನಪಿದೆ.

ಹೊಸಬರು ಮೊದಲು ಕೇಳುವುದು, ಕೈಯಲ್ಲಿ ಹಿಡಿಯುವ ಸೆಟ್ ಸಾಲದೇ ಅಂತ. ಸಾಲದು. ಅದರ 145 ಮೆಗಾಹರ್ಟ್ಸ್ ಅಲೆ ಹೆಚ್ಚುಕಡಿಮೆ ಕಣ್ಣಿಗೆ ನೇರ ಕಾಣುವಷ್ಟೇ ದೂರ ಹೋಗುವ ಅಲೆ. ಎರಡೂ ಆಂಟೆನಾಗಳ ಮೀಟರ್ ಎತ್ತರದ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿ: ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ ಹಿಡಿದ ಇಬ್ಬರಿಗೆ ಲೆಕ್ಕದಲ್ಲಿ 10 ಕಿಲೋಮೀಟರ್. ನಡುವೆ ಮನೆ, ಮರ, ಬೆಳೆದು ನಿಂತ ಕಬ್ಬು ಬಂದರೆ ಅದರ ಅರ್ಧವೂ ಸಿಕ್ಕದು. ಊರೊಳಗಿನ ಓಡಾಟಕ್ಕೆ ಅದು ಸರಿ. ತಾಲೂಕಿನಿಂದ ತಾಲೂಕಿಗೆ 40 ಮೀಟರ್ ಬ್ಯಾಂಡೇ (ಅಲೆಯುದ್ದ ಸುಮಾರು 40 ಮೀಟರ್) ಬೇಕು, ಅಂದರೆ 7.000ದಿಂದ 7.200 ಮೆಗಾಹರ್ಟ್ಸ್.

ಆಂಟೆನಾ ಎತ್ತರ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಇಲ್ಲಿ ಬಿಡಬೇಕು. ದೂರದ ದೇಶದ ಮಾತಿಗೆ ಅದು ನಿಜ. ನಮಗೆ ಬೇಕಾದದ್ದು ಇನ್ನೂರು ಕಿಲೋಮೀಟರಿನ ಒಳಗಿನ ಊರುಗಳು. ತಂತಿ ನೆಲದಿಂದ ನಾಲ್ಕೈದು ಮೀಟರ್ ಮಾತ್ರ ಮೇಲಿದ್ದರೆ ಅಲೆ ನೆತ್ತಿಯ ಕಡೆಗೇ ಏರಿ, ಅಯಾನುಗೋಲಕ್ಕೆ (ರೇಡಿಯೋ ಅಲೆಯನ್ನು ತಿರುಗಿಸಿ ಕಳಿಸುವ ಎತ್ತರದ ವಾಯುಪದರಕ್ಕೆ) ಬಡಿದು, ಸುತ್ತಲಿನ ಊರುಗಳ ಮೇಲೆ ಇಳಿಯುತ್ತದೆ. ಗೋಕಾಕದ ಗುಡ್ಡ ಅಡ್ಡ ಬಂದರೂ ಚಿಂತೆಯಿಲ್ಲ, ಅಲೆ ಮೇಲಿನಿಂದಲೇ ಬರುತ್ತದಲ್ಲ. ಹಾಗಾಗಿ ಟವರ್ ಬೇಡ, ಒಂದು ಬಿದಿರಿನ ಗಳ ಸಾಕು.

ನಡುವಿನಿಂದ ಎರಡು ಕಡೆಗೆ ಚಾಚಿದ ಈ ತಂತಿ ಆಂಟೆನಾಕ್ಕೆ ಡೈಪೋಲ್ ಎನ್ನುತ್ತಾರೆ, ಒಂದೊಂದು ಕಡೆಯದು ಒಂದೊಂದು ಕಾಲು. ಅದರ ಅಳತೆ ಹೀಗೆ. ಸೂತ್ರದ 143ನ್ನು 7.1 ಮೆಗಾಹರ್ಟ್ಸಿನಿಂದ ಭಾಗಿಸಿದರೆ 20.1 ಮೀಟರ್, ಒಂದು ಕಾಲಿಗೆ 10.05. ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ನಡೆಯುತ್ತದೆ, ಆದರೆ ಅದರ ಪ್ಲಾಸ್ಟಿಕ್ ಹೊದಿಕೆ ಅನುರಣನವನ್ನು (ಆಂಟೆನಾ ಚೆನ್ನಾಗಿ ಮಿಡಿಯುವ ಆವರ್ತನವನ್ನು) ಎರಡು ಮೂರು ಶೇಕಡಾ ಕೆಳಗೆ ಎಳೆಯುತ್ತದೆ. ಸೂತ್ರದಷ್ಟೇ ಕತ್ತರಿಸಿ ಕಟ್ಟಿದವರಿಗೆ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಎಷ್ಟು ಶಕ್ತಿ ತಿರುಗಿ ಬರುತ್ತದೆ ಎಂಬುದರ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) ತಗ್ಗು 6.9 ಮೆಗಾಹರ್ಟ್ಸಿನ ಹತ್ತಿರ ಕಾಣುವುದು ಇದಕ್ಕೇ. ಗಾಬರಿ ಬೇಡ. ಕತ್ತರಿಯನ್ನು ಜೇಬಿನಲ್ಲೇ ಇಟ್ಟು, ತುದಿಯನ್ನು ಹಿಂದಕ್ಕೆ ಮಡಚಿ ತಂತಿಗೇ ಬಿಗಿಯಾಗಿ ಸುತ್ತಿ. ಎರಡೂ ಕಡೆ 10 ಸೆಂಟಿಮೀಟರ್ ಮಡಚಿದರೆ ಸುಮಾರು 70 ಕಿಲೋಹರ್ಟ್ಸ್ ಮೇಲೇರುತ್ತದೆ. ಮಡಚಿದ್ದನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ಬೆಸೆಯಲು ಮಳೆಯಲ್ಲಿ ಸೋಲ್ಡರ್ ಕಡ್ಡಿ ಹಿಡಿದು ಕೂರಬೇಕು.

ಎರಡು ಕಾಲಿಗೆ ಕೇಬಲ್ ಸೇರುವ ಜಾಗದಲ್ಲಿ ನಾಲ್ಕೂವರೆ ಮೀಟರ್ ಕೋಆಕ್ಸನ್ನು (ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೇಬಲನ್ನು) ಆರು ಸುತ್ತು ಸುತ್ತಿ ಕಟ್ಟಿ. ಇಲ್ಲದಿದ್ದರೆ ಕೇಬಲಿನ ಹೊರಮೈಯೂ ಆಂಟೆನಾ ಆಗಿ, ಮೈಕ್ ಹಿಡಿದಾಗ ತುಟಿಗೆ ಚುರ್ ಎನ್ನುತ್ತದೆ.

ಕತ್ತಲಾದ ಮೇಲೆ, ಅದರಲ್ಲೂ ಬೆಳಗಿನ ಜಾವ, 7 ಮೆಗಾಹರ್ಟ್ಸಿನಲ್ಲಿ ದೂರದೂರು ಸ್ಪಷ್ಟ ಕೇಳುತ್ತಿರುವಾಗಲೇ ಪಕ್ಕದ ತಾಲೂಕು ಮಾಯವಾಗಬಹುದು. ಸೆಟ್ ಕೆಟ್ಟಿಲ್ಲ, ನೆಟ್ಟಗೆ ಮೇಲೇರಿದ ಅಲೆಯನ್ನು ವಾಪಸು ಕಳಿಸುವ ಕಸುವು ಅಯಾನುಗೋಲಕ್ಕೆ ಆ ಹೊತ್ತಿಗೆ ಇರುವುದಿಲ್ಲ. ಆಗ 3.6 ಮೆಗಾಹರ್ಟ್ಸಿಗೆ ಇಳಿಯಬೇಕು. ಒಂದೊಂದು ಕಾಲಿಗೂ ಇನ್ನು 9.8 ಮೀಟರ್ ತಂತಿಯನ್ನು ಕ್ಲಿಪ್ಪಿನಿಂದ ಜೋಡಿಸಿದರೆ ಅದೇ ಆಂಟೆನಾ 80 ಮೀಟರ್ ಬ್ಯಾಂಡಿಗೂ ಆಗುತ್ತದೆ.

ಇನ್ನು ನೀರು. ಬೆಳಗಾವಿಯ ಜುಲೈ ಮಳೆಯಲ್ಲಿ ಕನೆಕ್ಟರಿಗೆ ಬರೀ ಇನ್ಸುಲೇಷನ್ ಟೇಪು ಸುತ್ತಿದವರ ಕೇಬಲ್ ಹೊಳಪು ಕಳೆದುಕೊಂಡು ಕಪ್ಪಾಗುತ್ತದೆ. ಮೊದಲು ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪು, ಎಳೆದು, ಕೆಳಗಿನಿಂದ ಮೇಲಕ್ಕೆ. ಹಂಚು ಹೊದಿಸುವುದೂ ಹಾಗೇ ಅಲ್ಲವೇ, ಮೇಲಿನದು ಕೆಳಗಿನದರ ಮೇಲೆ ಬರಬೇಕು. ಕೇಬಲ್ ಮನೆಯೊಳಗೆ ಬರುವ ಮುಂಚೆ ಒಂದು ಬಾಗು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಒಂದು ಮೋಸದ ಬಗ್ಗೆ ಎಚ್ಚರ: ನೀರು ಕುಡಿದ ಕೇಬಲ್ ಎಸ್‌ಡಬ್ಲ್ಯೂಆರನ್ನು ಚೆನ್ನಾಗಿಯೇ ತೋರಿಸುತ್ತದೆ. ಹೋದ ಶಕ್ತಿ, ತಿರುಗಿ ಬಂದ ಶಕ್ತಿ ಎರಡನ್ನೂ ಕೇಬಲೇ ನುಂಗಿದರೆ ಮೀಟರಿಗೆ ಏನು ಗೊತ್ತಾಗಬೇಕು? ಇಡೀ ಬ್ಯಾಂಡಿನಲ್ಲಿ ಎಲ್ಲಿ ತಿರುಗಿಸಿದರೂ 1.2 ಎಂದರೆ ಖುಷಿಪಡಬೇಡಿ, ಕೇಬಲ್ ಕಳಚಿ ನೋಡಿ.

ಬ್ಯಾಟರಿ ವಿಷಯದಲ್ಲಿ ಹೆಚ್ಚಿನವರು ಎಡವುವುದು ಬ್ಯಾಟರಿಯಲ್ಲಲ್ಲ, ವೈರಿನಲ್ಲಿ. 100 ವಾಟಿನ ಸೆಟ್ ಮಾತಾಡುವಾಗ 20 ಆಂಪಿಯರ್ ಎಳೆಯುತ್ತದೆ. 2.5 ಚದರ ಮಿಲಿಮೀಟರ್ ವೈರು 5 ಮೀಟರ್ ಉದ್ದವಿದ್ದರೆ, ಹೋಗುವುದು ಬರುವುದು ಸೇರಿ 10 ಮೀಟರ್, ಒಂದೂವರೆ ವೋಲ್ಟ್ ದಾರಿಯಲ್ಲೇ ಹೋಯಿತು. 12.5 ಇದ್ದದ್ದು 11ಕ್ಕೆ ಇಳಿದು, ಮೈಕ್ ಒತ್ತಿದ ಕೂಡಲೇ ಸೆಟ್ ಆರಿಹೋಗುತ್ತದೆ. 6 ಚದರ ಮಿಲಿಮೀಟರ್ ವೈರು ಒಂದೂವರೆ ಮೀಟರಿಗೆ ಮೀರದಂತೆ ಇರಲಿ, ಬ್ಯಾಟರಿಯ ತುದಿಯಲ್ಲೇ ಫ್ಯೂಜ್ ಇರಲಿ. ಶಕ್ತಿಯನ್ನೂ 20 ವಾಟಿಗೆ ಇಳಿಸಿ: ಗಂಟೆಯಲ್ಲಿ ಹದಿನೈದು ನಿಮಿಷ ಮಾತು, ಉಳಿದದ್ದು ಕೇಳುವುದು ಎಂದುಕೊಂಡರೆ ಗಂಟೆಗೆ ಸುಮಾರು 3 ಆಂಪಿಯರ್-ಅವರ್. 42 ಆಂಪಿಯರ್-ಅವರ್‌ನ ಲೆಡ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿದರೂ ಏಳು ಗಂಟೆ ನಡೆಯುತ್ತದೆ.

ಸಂದೇಶ ಕಳಿಸುವಾಗ ತಾಲೂಕು ಮೊದಲು, ಊರು ಆಮೇಲೆ. ಹಂಚಿನಾಳ ನಿಪ್ಪಾಣಿ ಕಡೆಯೂ ಇದೆ, ಸವದತ್ತಿ ಕಡೆಯೂ ಇದೆ. ಬರೆದುಕೊಂಡವರು ತಿರುಗಿ ಓದಿ ಹೇಳಬೇಕು, ಕಳಿಸಿದವರು ಹೌದೆನ್ನಬೇಕು, ಆಮೇಲಷ್ಟೇ ಮುಂದಿನದು. ಲೈಸೆನ್ಸ್ ಇಲ್ಲದವರು ಮೈಕ್ ಮುಟ್ಟುವಂತಿಲ್ಲ. ಬರೆಯುವ ಕೆಲಸ ಅವರದೇ, ಅದು ಸಣ್ಣ ಕೆಲಸವಲ್ಲ.

ಉಳಿದ ಕಾರ್ಯಕ್ರಮ ಬೇಗ ಹೇಳಿಬಿಡುತ್ತೇವೆ. ಮಳೆ ಬಿಟ್ಟ ಮೇಲೆ ಅಡಗಿಸಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ಆಟ. ಪಿವಿಸಿ ಪೈಪಿಗೆ ಉಕ್ಕಿನ ಅಳತೆ ಟೇಪು ಕಟ್ಟಿದ ಮೂರು ಕಡ್ಡಿಯ ಯಾಗಿ, ಅಂದರೆ ಒಂದೇ ದಿಕ್ಕಿಗೆ ಚುರುಕಾದ ಆಂಟೆನಾ, ಸಾಕು. ಹತ್ತಿರ ಹೋದಂತೆ ಎಲ್ಲ ದಿಕ್ಕಿನಲ್ಲೂ ಸಿಗ್ನಲ್ ತುಂಬಿ ಬರುತ್ತದೆ. ಆಗ ಆಂಟೆನಾ ಕಳಚಿ, ಸೆಟ್ಟನ್ನು ಎದೆಗೊತ್ತಿ ನಿಧಾನ ಸುತ್ತಿ, ತೀರಾ ಕ್ಷೀಣವಾದ ಕಡೆ ಟ್ರಾನ್ಸ್‌ಮಿಟರ್ ನಿಮ್ಮ ಬೆನ್ನ ಹಿಂದಿದೆ. ಅಕ್ಟೋಬರ್ ಮೂರನೇ ವಾರಾಂತ್ಯ ಸ್ಕೌಟ್ ಮಕ್ಕಳ ಜಾಂಬೂರಿ ಆನ್ ದಿ ಏರ್, ಅಂದರೆ ರೇಡಿಯೋದಲ್ಲೇ ನಡೆಯುವ ಸ್ಕೌಟ್ ಮೇಳ. ಲೈಸೆನ್ಸ್ ಪರೀಕ್ಷೆಯ ತರಗತಿಗೆ 12 ವರ್ಷ ತುಂಬಿದ ಯಾರೂ ಸೇರಬಹುದು.

ತಾಲೀಮಿಗೆ ಬರುವಾಗ ತರಬೇಕಾದದ್ದು: ಇಪ್ಪತ್ತು ಮೀಟರ್ ನೈಲಾನ್ ಹಗ್ಗ, ಇಕ್ಕಳ, ರಬ್ಬರ್ ಟೇಪು, ಮಳೆಯಲ್ಲೂ ಬರೆಯುವ ಪೆನ್ಸಿಲ್. ಗಳಗಳನ್ನು ಕ್ಲಬ್ಬಿನವರೇ ತರುತ್ತಾರೆ. ಗಳ ನಿಲ್ಲಿಸುವ ಮೊದಲು ತಲೆ ಎತ್ತಿ ಮೇಲೆ ಕರೆಂಟಿನ ತಂತಿ ಹಾದುಹೋಗಿದೆಯೇ ನೋಡಿ. ಹಾದಿದ್ದರೆ ಗಳದ ಎರಡರಷ್ಟು ದೂರ ಸರಿದು ನಿಲ್ಲಿಸಿ.