ಗಾರ್ಬೊ ನೋಟಿದೆ, ತಗೊಳ್ಳೋರಿಲ್ಲ | ಸ್ಟಾಕ್‌ಹೋಮ್ ವ್ಲಾಗ್

ಈ ಚೌಕದ ಹೆಸರು ಹೊಟೊರಿಯೆಟ್. ಎದುರಿಗಿರೋ ಕಟ್ಟಡ ಪಬ್. ಬಿಯರ್ ಪಬ್ ಅಲ್ಲ ರೀ, ಪೌಲ್ ಯು. ಬರ್ಗ್‌ಸ್ಟ್ರೋಮ್ ಅನ್ನೋರ ಡಿಪಾರ್ಟ್‌ಮೆಂಟ್ ಸ್ಟೋರ್ ಆಗಿತ್ತು. 1920ರಲ್ಲಿ ಗ್ರೇಟಾ ಗುಸ್ತಾಫ್‌ಸನ್ ಇಲ್ಲಿ ಕೆಲಸಕ್ಕೆ ಸೇರಿದ್ರು. ಟೋಪಿ ಮಾರೋದು, ಕ್ಯಾಟಲಾಗಿಗೆ ಅದೇ ಟೋಪಿ ಹಾಕ್ಕೊಂಡು ಪೋಸ್ ಕೊಡೋದು. ಗಾರ್ಬೊ ಅನ್ನೋ ಹೆಸರು ಆಮೇಲಿನದು, ಹಾಲಿವುಡ್ ತಾರೆ ಆಗಿದ್ದೂ ಆಮೇಲೆ.

ನೋಟು ಕ್ಯಾಮೆರಾಗೆ ಹತ್ರ ಹಿಡೀತೀನಿ. ನೀಲಿ, 100 ಕ್ರೋನಾ, 2016ರಿಂದ ಇದರ ಮೇಲೆ ಗಾರ್ಬೊ. ಎಷ್ಟು ಚೆಂದ ಇದೆ! ಆದ್ರೆ ಖರ್ಚು ಮಾಡೋಕೆ ಹೋಗಿ ನೋಡಿ. ಬಸ್ಸಲ್ಲಿ ಕ್ಯಾಶ್ ಇಲ್ಲ. ಎಷ್ಟೋ ಕೆಫೆಗಳ ಬಾಗಿಲಲ್ಲೇ ನಗದು ಬೇಡ ಅಂತ ಬೋರ್ಡು. ಇಲ್ಲಿನವರಿಗೆ ಸ್ವಿಶ್ ಇದೆ, ನಮ್ಮ ಯುಪಿಐ ಥರ, ಆದ್ರೆ ಅದಕ್ಕೆ ಸ್ವೀಡನ್ ಬ್ಯಾಂಕ್ ಖಾತೆ ಬೇಕು. ಹಾಗಾಗಿ ಊರಿಂದ ಹೊರಡೋವಾಗ ಕಂತೆಗಟ್ಟಲೆ ಕ್ರೋನಾ ಮಾಡಿಸ್ಕೊಂಡು ಬರಬೇಡಿ. ಬೀರು ಮೂಲೆಯಲ್ಲಿ ಹಳೇ ನೂರರ ನೋಟು ಸಿಕ್ತಾ? ಮುಖ ನೋಡಿ. ಸಸ್ಯವಿಜ್ಞಾನಿ ಲಿನೇಯಸ್ ಇದ್ರೆ ಅದರ ಕಥೆ 2017ರ ಜೂನ್ ಕೊನೆಗೇ ಮುಗೀತು. ಮೆಟ್ರೋ ಗೇಟಿಗೂ ಬ್ಯಾಂಕ್ ಕಾರ್ಡೇ ತಾಗಿಸಿ, ಆ ಟಿಕೆಟ್ 75 ನಿಮಿಷ ನಡೆಯುತ್ತೆ.

ಈಗ ಗಾರ್ಬೊ ಸಮಾಧಿ ಕಡೆ. ರೈಲು ಬಂತು. ಹಸಿರು ಲೈನ್, 18, ಫಾರ್ಸ್ಟಾ ಸ್ಟ್ರಾಂಡ್ ಕಡೆದು.

ನನ್ನ ಕೇಳಿದ್ರೆ ಗಾರ್ಬೊ ಅಂದ್ರೆ ಮೂಕಿ ಚಿತ್ರಗಳೇ. 1925ರಲ್ಲಿ ನಿರ್ದೇಶಕ ಸ್ಟಿಲ್ಲರ್ ಜೊತೆ ಅಮೆರಿಕಕ್ಕೆ ಹೋದ್ರು. ಅವರ ಮೊದಲ ಟಾಕಿ ಬಂದಿದ್ದು 1930ರಲ್ಲಿ. 'ಗಾರ್ಬೊ ಮಾತಾಡ್ತಾಳೆ', ಅಷ್ಟೇ ಜಾಹೀರಾತು! 1939ರ 'ನಿನೋಚ್ಕಾ'ಗೆ 'ಗಾರ್ಬೊ ನಗ್ತಾಳೆ'. ಮಾತು ಬೇಕಿರಲಿಲ್ಲ ಆ ಮುಖಕ್ಕೆ. ಅಯ್ಯೋ, ತಡೀರಿ, 1933ರ 'ಕ್ವೀನ್ ಕ್ರಿಸ್ಟಿನಾ' ಟಾಕಿ ಅಲ್ವಾ? ಹಡಗಿನ ಮುಂತುದಿಯಲ್ಲಿ ನಿಂತಿರೋ ಕೊನೇ ಕ್ಲೋಸಪ್. ಮುಖದಲ್ಲಿ ಏನೂ ತೋರಿಸಬೇಡ, ಖಾಲಿ ಇಡು ಅಂದಿದ್ದರು ನಿರ್ದೇಶಕ ಮಮೂಲಿಯನ್. ನೋಡೋರು ತಮ್ಮ ದುಃಖ ತಾವೇ ತುಂಬ್ಕೊಳ್ತಾರೆ. ಸರಿ, ಮೂಕಿ ಅಂದಿದ್ದು ವಾಪಸ್. ಆದ್ರೆ ಆ ಶಾಟಲ್ಲೂ ಮಾತಿಲ್ಲ, ಗಮನಿಸಿ.

1941ರ ಸಿನಿಮಾನೇ ಕೊನೆ. ಆಗ 36 ವರ್ಷ. ಆಮೇಲೆ ನ್ಯೂಯಾರ್ಕ್, 1990ರಲ್ಲಿ ಸಾಯೋವರೆಗೂ.

ಇಳೀಬೇಕು, ಸ್ಕೂಗ್ಸ್‌ಶಿರ್ಕೊಗೋರ್ಡನ್. ಕಾಡಿನ ಸ್ಮಶಾನ ಅಂತ ಅರ್ಥ. 1994ರಿಂದ ವಿಶ್ವ ಪರಂಪರೆ ತಾಣ. ಗಾರ್ಬೊ ಅಸ್ಥಿ ತಂದಿಟ್ಟಿದ್ದು 1999ರಲ್ಲಿ. ಪೈನ್ ಮರಗಳ ನಡುವೆ ಇದೇ ಆ ಕಲ್ಲು, ಮೇಲೆ ಅವರ ಸಹಿ. ಇಲ್ಲಿ ಮಾತಾಡಲ್ಲ, ನೋಡ್ತಿರಿ.